ಪಥ್ಯದ ಅಡಿಗೆಮನೆ

ಕಳೆದ ಮಳೆಗಾಲದಲ್ಲಿ ನಮ್ಮ ಶಾಲೆಯ ಜವಾನರು ಕಾಯಿಲೆ ಬಿದ್ದು ಈ ನಗರದ ಒಂದು ಸಾರ್ವಜನಿಕ ಆಸ್ಪತ್ರೆಯನ್ನು ಸೇರಬೇಕಾಯಿತು. ಮಕ್ಕಳೆಲ್ಲರೂ ‘ಮಾಮಾ’ ಎಂದು ಕರೆಯುವ ಇವರು ವಿಜಯಪುರದ ಕಡೆಯಿಂದ ಬಂದು, ಬಹು ವರ್ಷಗಳಿಂದ ಗಂಟೆ ಬಾರಿಸುತ್ತ ನಮ್ಮೆಲ್ಲರ ಹೊತ್ತನ್ನು ಕಾಯುತ್ತಿರುವವರು. ಒಂದು ಶನಿವಾರ ಸಂಜೆ ಒಂಬತ್ತನೆಯ ತರಗತಿಯ ಆರು ಮಂದಿ ವಿದ್ಯಾರ್ಥಿಗಳೊಡನೆ ನಾವು ಅವರನ್ನು ಕಾಣಲು ಹೋದೆವು. ರೋಗಿಯನ್ನು ನೋಡಲು ಬರಿಗೈಯಲ್ಲಿ ಹೋಗುವುದು ನಮ್ಮ ಜನರ ರೂಢಿಯಲ್ಲ. ವಿದ್ಯಾರ್ಥಿಗಳು ತಮ್ಮ ತಮ್ಮಲ್ಲೇ ಹಣ ಕೂಡಿಸಿ ಎರಡು ಎಳನೀರು, ಅರ್ಧ ಡಜನ್ ಮೋಸಂಬಿ, ಒಂದು ಚಿಪ್ಪು ಬಾಳೆಹಣ್ಣು ಕೊಂಡು ತಂದಿದ್ದರು. ಮಂಚದ ಬಳಿ ನಿಂತು ಒಬ್ಬ ಹುಡುಗನು ಎಳನೀರಿಗೆ ನಳಿಗೆಯನ್ನು ಚುಚ್ಚುತ್ತಿರುವಾಗಲೇ ದಾದಿಯೊಬ್ಬರು ಅವಸರದಿಂದ ಬಂದು ಅದನ್ನು ಅವನ ಕೈಯಿಂದ ತೆಗೆದುಕೊಂಡರು. “ಇದನ್ನು ಕುಡಿಸಿದಿರಾ?” ಎಂದು ಕೇಳಿದರು. ಇಲ್ಲವೆಂದೆವು. “ಕುಡಿಸಿದ್ದರೆ ಈ ರಾತ್ರಿಯೆಲ್ಲ ನಾವು ಇವರ ಎದೆಬಡಿತವನ್ನು ಕಾಯುತ್ತ ಕೂರಬೇಕಾಗುತ್ತಿತ್ತು” ಎಂದರು. ಗದರಿಕೆಯ ದನಿಯಲ್ಲಿ ಅಲ್ಲ. ದಿನವೂ ಹತ್ತು ಜನರಿಗೆ ಹೇಳಿ ಹೇಳಿ ದಣಿದವರ ದನಿಯಲ್ಲಿ.

ನಾವು ತಲೆತಗ್ಗಿಸಿದೆವು. ಎಳನೀರಿಗಿಂತ ನಿರಪಾಯವಾದ ವಸ್ತು ಲೋಕದಲ್ಲಿ ಇಲ್ಲವೆಂದು ಅಂದಿನವರೆಗೆ ನಮ್ಮ ತಿಳಿವಳಿಕೆಯಾಗಿತ್ತು. ವಿಜ್ಞಾನವನ್ನು ಬೋಧಿಸುವ ನಮಗೇ ಇದು ತಿಳಿಯದಿರುವಾಗ ಓದುಬರಹವಿಲ್ಲದ ಬಂಧುಗಳು ಏನು ಮಾಡಿಯಾರು! ಈ ಲೇಖನವು ಆ ನಾಚಿಕೆಯಿಂದ ಹುಟ್ಟಿದುದು. ಅನಂತರ ಆ ಆಸ್ಪತ್ರೆಯ ಆಹಾರತಜ್ಞೆಯವರು ನಮ್ಮನ್ನು ಕರೆದು ಕೂರಿಸಿಕೊಂಡು ವಿಷಯವನ್ನು ವಿವರಿಸಿದರು. ಇನ್ನೊಂದು ದಿನ ಬಿಡುವು ಮಾಡಿಕೊಂಡು ತಮ್ಮ ಅಡಿಗೆಮನೆಯನ್ನೂ ತೋರಿಸಿದರು. ಅಲ್ಲಿ ಕಂಡುದನ್ನೂ ಬಳಿಕ ಓದಿ ತಿಳಿದುದನ್ನೂ ಇಲ್ಲಿ ಬರೆಯುತ್ತೇವೆ.

ಮಾಮಾ ಅವರಿಗೆ ಆಗಿದ್ದುದು ಮೂತ್ರಪಿಂಡಗಳ ದೌರ್ಬಲ್ಯ. ಬಹು ಕಾಲದ ಸಕ್ಕರೆಕಾಯಿಲೆಯು ಅದಕ್ಕೆ ಮೂಲ. ಮೂತ್ರಪಿಂಡಗಳು ಹಾಳಾಗಲು ಇರುವ ಕಾರಣಗಳಲ್ಲಿ ಸಕ್ಕರೆಕಾಯಿಲೆಯೇ ಇಂದು ಅಗ್ರಸ್ಥಾನದಲ್ಲಿದೆ. ನಾವು ಉಣ್ಣುವ ಕಾಯಿಪಲ್ಯ, ಹಣ್ಣು, ಬೇಳೆಗಳಲ್ಲೆಲ್ಲ ಪೊಟಾಸಿಯಂ ಎಂಬ ಲವಣಾಂಶವುಂಟು. ಮಾಂಸಖಂಡಗಳು ಬಿಗಿಯಲು, ಹೃದಯವು ಕ್ರಮವಾಗಿ ಮಿಡಿಯಲು ಅದು ಅಗತ್ಯ. ಹೆಚ್ಚಾದುದನ್ನು ಆರೋಗ್ಯವಂತರ ಮೂತ್ರಪಿಂಡಗಳು ಸದ್ದಿಲ್ಲದೆ ಹೊರಹಾಕಿಬಿಡುವುವು. ಅವು ಸೋತಾಗ ಪೊಟಾಸಿಯಂ ರಕ್ತದಲ್ಲಿಯೇ ನಿಂತು, ಒಂದು ಮಿತಿಯನ್ನು ದಾಟಿದೊಡನೆ ಹೃದಯದ ಲಯವನ್ನು ಕೆಡಿಸುವುದು. ಮುನ್ಸೂಚನೆಯಿಲ್ಲದೆ ಅದನ್ನು ನಿಲ್ಲಿಸಲೂಬಹುದು. ಇಂತಹ ರೋಗಿಗೆ ವೈದ್ಯರು ದಿನವೊಂದಕ್ಕೆ ಸುಮಾರು ೨,೦೦೦ ಮಿಲಿಗ್ರಾಂ ಪೊಟಾಸಿಯಮಿನ ಮಿತಿಯನ್ನು ಹಾಕುವುದುಂಟು. ಒಂದು ಎಳನೀರಿನಲ್ಲಿ ಹೆಚ್ಚುಕಡಮೆ ೫೦೦ ಮಿಲಿಗ್ರಾಂ, ಕಾಯಿ ದೊಡ್ಡದಾದರೆ ಇನ್ನೂ ಹೆಚ್ಚು; ದೊಡ್ಡದೊಂದು ಬಾಳೆಹಣ್ಣಿನಲ್ಲಿ ಸುಮಾರು ೪೦೦. ನಾವು ಪ್ರೀತಿಯಿಂದ ಹೊತ್ತುಕೊಂಡು ಹೋದ ಚೀಲದಲ್ಲಿ ಆ ಮನುಷ್ಯನ ಎರಡು ದಿನದ ಮಿತಿಯನ್ನು ಮೀರಿಸುವಷ್ಟು ಪೊಟಾಸಿಯಂ ಇದ್ದಿತು.

ಆಸ್ಪತ್ರೆಯು ತಾನೇ ಏಕೆ ಅಡಿಗೆ ಮಾಡಬೇಕು, ಮನೆಯ ಬುತ್ತಿ ಸಾಲದೇ ಎಂಬ ಪ್ರಶ್ನೆಗೆ ಇದರಲ್ಲಿ ಅರ್ಧ ಉತ್ತರವಿದೆ. ಉಳಿದರ್ಧವು ಅಡಿಗೆಮನೆಯಲ್ಲಿ ದೊರೆಯಿತು.

ನಾವು ಹೋದುದು ಬೆಳಗಿನ ಎಂಟು ಗಂಟೆಗೆ. ವಾರ್ಡುಗಳಿಂದ ಬಂದ ಚೀಟಿಗಳನ್ನು ನೋಡಿ ಒಬ್ಬ ಗುಮಾಸ್ತರು ಗೋಡೆಯ ಹಲಗೆಯ ಮೇಲೆ ಲೆಕ್ಕ ಬರೆಯುತ್ತಿದ್ದರು: ಸಾಧಾರಣ ಊಟ ಇಷ್ಟು, ಮೆದು ಊಟ ಇಷ್ಟು, ದ್ರವಾಹಾರ ಇಷ್ಟು, ಉಪ್ಪಿಲ್ಲದ್ದು ಇಷ್ಟು, ಸಕ್ಕರೆಕಾಯಿಲೆಯವರದು ಇಷ್ಟು, ಮೂತ್ರಪಿಂಡದವರದು ಇಷ್ಟು, ಮೂಗಿನ ನಳಿಗೆಯಲ್ಲಿ ಹೋಗುವುದು ಇಷ್ಟು. ಮದುವೆಮನೆಯ ಅಡಿಗೆಯಷ್ಟೇ ದೊಡ್ಡ ಕೊಪ್ಪರಿಗೆಗಳು. ಆದರೆ ಮದುವೆಮನೆಯಲ್ಲಿ ಒಂದು ಹುಳಿ ಎಲ್ಲರಿಗೂ ಸಲ್ಲುವುದು. ಇಲ್ಲಿ ಬೇಳೆಯನ್ನು ಉಪ್ಪಿಲ್ಲದೆ ಬೇಯಿಸಿ, ಉಪ್ಪಿಲ್ಲದವರ ಪಾಲನ್ನು ಮೊದಲು ಬೇರೆ ತೆಗೆದು, ಆಮೇಲೆ ಮಿಕ್ಕುದಕ್ಕೆ ಉಪ್ಪು ಬೀಳುವುದು. ಈ ಕ್ರಮವನ್ನು ಅಡಿಗೆಯವರು ಮರೆತರೆ ಅಂದು ಹೃದ್ರೋಗದ ವಾರ್ಡಿನಲ್ಲಿ ಕೆಲವರ ಕಾಲು ಊದಿಕೊಂಡಾವು. ವಿಶ್ವ ಆರೋಗ್ಯ ಸಂಸ್ಥೆಯು ಆರೋಗ್ಯವಂತರಿಗೇ ದಿನಕ್ಕೆ ೫ ಗ್ರಾಮಿಗಿಂತ ಕಡಮೆ ಉಪ್ಪು ಸಾಕೆಂದು ಹೇಳಿದೆ. ನಮ್ಮ ಮನೆಗಳ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಗಳನ್ನು ನೆನೆದರೆ ಆ ಐದು ಗ್ರಾಂ ಮಧ್ಯಾಹ್ನದ ಊಟದೊಳಗೇ ಮುಗಿದುಹೋಗುವುದೆಂದು ತೋರುತ್ತದೆ.

ಮೂಲೆಯೊಂದರಲ್ಲಿ ಇಬ್ಬರು ಹೆಂಗಸರು ಆಲೂಗಡ್ಡೆಯ ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿ ನೀರು ತುಂಬಿದ ಪಾತ್ರೆಗೆ ಹಾಕುತ್ತಿದ್ದರು. ಪೊಟಾಸಿಯಂ ನೀರಿನಲ್ಲಿ ಕರಗುವ ಗುಣವುಳ್ಳದ್ದು. ಆದುದರಿಂದ ಮೂತ್ರಪಿಂಡದ ರೋಗಿಗಳ ಕಾಯಿಪಲ್ಯವನ್ನು ಹೀಗೆ ನೆನೆಯಿಟ್ಟು, ಆ ನೀರನ್ನು ಚೆಲ್ಲಿ, ಹೊಸದಾಗಿ ಹೆಚ್ಚು ನೀರಿಟ್ಟು ಕುದಿಸಿ, ಆ ನೀರನ್ನೂ ಬಸಿದುಬಿಡುವರು. ಪಲ್ಯವನ್ನು ತೊಳೆದ ಮೇಲೆಯೇ ಹೆಚ್ಚಬೇಕು, ಹೆಚ್ಚಿದ ಮೇಲೆ ತೊಳೆಯಬಾರದು, ಬೇಯಿಸಿದ ನೀರನ್ನು ಚೆಲ್ಲಬಾರದು ಎಂದು ನಾವು ಆರನೆಯ ತರಗತಿಯಲ್ಲಿ ಕಲಿಸುತ್ತ ಬಂದಿದ್ದೇವೆ. ಆರೋಗ್ಯವಂತರಿಗೆ ಆ ಪಾಠ ಸರಿಯಾದುದೇ. ಇಲ್ಲಿ ಮಾತ್ರ ಅದನ್ನು ತಲೆಕೆಳಗಾಗಿ ಹಿಡಿಯಬೇಕು. ಪೊಟಾಸಿಯಮಿನೊಡನೆ ಕೆಲವು ಜೀವಸತ್ವಗಳೂ ಹರಿದುಹೋಗುವುವಷ್ಟೆ. ಅವನ್ನು ವೈದ್ಯರು ಗುಳಿಗೆಯ ರೂಪದಲ್ಲಿ ತುಂಬಿಕೊಡುವರು.

ಇದಕ್ಕಿಂತ ಬೆರಗಿನ ಸಂಗತಿ ಇನ್ನೊಂದುಂಟು. ಮೂತ್ರಪಿಂಡಗಳು ದುರ್ಬಲವಾಗಿದ್ದು ಇನ್ನೂ ಯಂತ್ರದಿಂದ ರಕ್ತ ಸೋಸುವ ಡಯಾಲಿಸಿಸ್ ಚಿಕಿತ್ಸೆ ಆರಂಭವಾಗದಿರುವಾಗ ರೋಗಿಯ ಪ್ರೋಟೀನನ್ನು ಮಿತಗೊಳಿಸುವರು. ದೇಹದ ತೂಕದ ಒಂದು ಕಿಲೋಗ್ರಾಮಿಗೆ ೦.೬ರಿಂದ ೦.೮ ಗ್ರಾಂ, ಎಂದರೆ ೫೦ ಕಿಲೋ ತೂಕದವರಿಗೆ ದಿನಕ್ಕೆ ೩೦ರಿಂದ ೪೦ ಗ್ರಾಂ. ಡಯಾಲಿಸಿಸ್ ಆರಂಭವಾದ ಮೇಲೆ ಯಂತ್ರವು ರಕ್ತವನ್ನು ಸೋಸುವಾಗ ಒಳ್ಳೆಯ ಅಂಶಗಳನ್ನೂ ಒಂದಿಷ್ಟು ಒಯ್ದುಬಿಡುವುದರಿಂದ ಅದೇ ರೋಗಿಗೆ ಅದೇ ಪ್ರೋಟೀನನ್ನು ೫೦ರಿಂದ ೬೦ ಗ್ರಾಮಿಗೆ ಏರಿಸಬೇಕಾಗುವುದು. ನಿನ್ನೆಯ ಅಪಥ್ಯವು ಇಂದಿನ ಪಥ್ಯ! ನೆರೆಮನೆಯ ರೋಗಿಯ ಪಟ್ಟಿಯನ್ನು ನೋಡಿ ನಮ್ಮ ಮನೆಯ ರೋಗಿಗೆ ಬಡಿಸುವುದು ಎಷ್ಟು ಅಪಾಯಕರವೆಂಬುದು ಇದರಿಂದ ತಿಳಿಯುವುದು.

ಸಕ್ಕರೆಕಾಯಿಲೆಯವರ ತಟ್ಟೆಯಲ್ಲಿ ಪದಾರ್ಥದಷ್ಟೇ ಹೊತ್ತೂ ಮುಖ್ಯವಾಗುತ್ತದೆ. ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿದ ಮೇಲೆ ತಟ್ಟೆ ಬರುವುದು ತಡವಾದರೆ ರಕ್ತದ ಸಕ್ಕರೆಯು ಕುಸಿದು ರೋಗಿಯು ಬೆವೆತು, ನಡುಗಿ, ಎಚ್ಚರ ತಪ್ಪಬಹುದು. ಆದುದರಿಂದ ಊಟದ ಗಾಡಿ ಹೊರಡುವ ಗಳಿಗೆಗೂ ಸೂಜಿಯ ಗಳಿಗೆಗೂ ಹೊಂದಾಣಿಕೆ ಬೇಕು. ಲಿಫ್ಟು ಕೆಟ್ಟುನಿಂತ ದಿನ ನಾಲ್ಕನೆಯ ಮಹಡಿಗೆ ತಟ್ಟೆಗಳನ್ನು ಕೈಯಲ್ಲಿ ಹೊತ್ತುಕೊಂಡು ಓಡಿದ ಕಥೆಯನ್ನು ಗಾಡಿ ತಳ್ಳುವವರು ನಗುನಗುತ್ತ ಹೇಳಿದರು. ಸಕ್ಕರೆ ಕುಸಿದವರಿಗೆ ಸಾಮಾನ್ಯವಾಗಿ ಹಣ್ಣಿನ ರಸವನ್ನು ಕುಡಿಸುವುದುಂಟು. ಮಾಮಾ ಅವರಂತೆ ಎರಡೂ ರೋಗಗಳುಳ್ಳವರಿಗಾದರೆ ಕಿತ್ತಳೆಯ ರಸ ಸಲ್ಲದು, ಸಕ್ಕರೆನೀರೇ ಲೇಸು.

ಇಷ್ಟೆಲ್ಲ ಲೆಕ್ಕ ಹಾಕಲು ಯಾವ ಪದಾರ್ಥದಲ್ಲಿ ಏನು ಎಷ್ಟಿದೆಯೆಂಬುದು ಗೊತ್ತಿರಬೇಕಲ್ಲವೇ? ಆಹಾರತಜ್ಞೆಯವರ ಮೇಜಿನ ಮೇಲೆ ಒಂದು ದಪ್ಪ ಪುಸ್ತಕವಿದ್ದಿತು. ಅದು ಅವರ ಮಗ್ಗಿ. ಅದರ ಹಿಂದೆ ದಕ್ಷಿಣ ದೇಶದ ಒಂದು ದೀರ್ಘ ಪರಿಶ್ರಮವಿದೆ. ೧೯೧೮ರಲ್ಲಿ ರಾಬರ್ಟ್ ಮ್ಯಾಕ್‌ಕ್ಯಾರಿಸನ್ ಎಂಬ ವೈದ್ಯರು ನೀಲಗಿರಿಯ ಕೂನೂರಿನಲ್ಲಿ, ಬೆರಿಬೆರಿ ರೋಗದ ಶೋಧನೆಗೆಂದು ಪಾಶ್ಚರ್ ಸಂಸ್ಥೆಯ ಒಂದೇ ಕೋಣೆಯಲ್ಲಿ ಕೆಲಸವನ್ನು ಆರಂಭಿಸಿದರು. ಅದು ಬೆಳೆದು ಪೋಷಣ ಸಂಶೋಧನಾಲಯವಾಯಿತು. ಅದರ ಮುಂದಿನ ನಿರ್ದೇಶಕರಾದ ಆಯ್‌ಕ್ರಾಯ್ಡ್ ಅವರು ೧೯೩೭ರಲ್ಲಿ ಭಾರತೀಯ ಆಹಾರವಸ್ತುಗಳ ಪೋಷಕಾಂಶಗಳನ್ನು ಒಂದು ಚಿಕ್ಕ ಹೊತ್ತಗೆಯಾಗಿ ಪ್ರಕಟಿಸಿದರು. ೧೯೫೮ರಲ್ಲಿ ಆ ಸಂಸ್ಥೆಯು ಹೈದರಾಬಾದಿಗೆ ಬಂದು, ೧೯೬೯ರಿಂದ ರಾಷ್ಟ್ರೀಯ ಪೋಷಣ ಸಂಸ್ಥೆಯೆಂಬ ಹೆಸರನ್ನು ಹೊತ್ತಿತು. ೧೯೭೧ರಲ್ಲಿ ಡಾ. ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳು ಆ ಹೊತ್ತಗೆಯನ್ನು ಹೊಸದಾಗಿ ಬರೆದರು. ೨೦೧೭ರಲ್ಲಿ ೫೨೮ ಆಹಾರವಸ್ತುಗಳನ್ನು ದೇಶದ ನಾನಾ ಭಾಗಗಳಿಂದ ತರಿಸಿ ಪರೀಕ್ಷಿಸಿ ಹೊಸ ಕೋಷ್ಟಕಗಳನ್ನು ಹೊರತಂದರು. ನಮ್ಮ ಜೋಳ, ರಾಗಿ, ನುಗ್ಗೆಸೊಪ್ಪುಗಳೂ ಅಂಕಿಗಳಾಗಿ ಅದರಲ್ಲಿ ಕುಳಿತಿವೆ.

ಇನ್ನೂ ಹಿಂದಕ್ಕೆ ಹೋದರೆ ಕ್ರಿಮಿಯದ ಯುದ್ಧದ ಕಾಲದ ಸ್ಕುಟಾರಿಯ ಆಸ್ಪತ್ರೆ ಕಣ್ಣಮುಂದೆ ನಿಲ್ಲುವುದು. ಫ್ಲಾರೆನ್ಸ್ ನೈಟಿಂಗೇಲ್ ಎಂದೊಡನೆ ದೀಪ ಹಿಡಿದ ಮಹಿಳೆಯೆಂದು ನಮ್ಮ ಮಕ್ಕಳು ಬರೆಯುವರು. ಒಲೆ ಹೂಡಿದ ಮಹಿಳೆಯೆಂದೂ ಬರೆಯಬೇಕು. ೧೮೫೪ರ ನವೆಂಬರಿನಲ್ಲಿ ಆಕೆ ಅಲ್ಲಿಗೆ ಬಂದಾಗ ಎಲ್ಲರ ಮಾಂಸವನ್ನೂ ಗುರುತಿನ ತುಂಡು ಕಟ್ಟಿ ಒಂದೇ ಹಂಡೆಯಲ್ಲಿ ಬೇಯಿಸುತ್ತಿದ್ದರು; ಕೆಲವರಿಗೆ ಹಸಿಯದೇ ಸಿಕ್ಕರೆ ಕೆಲವರಿಗೆ ಬರಿಯ ಮೂಳೆ. ಎದ್ದು ಕೂರಲಾರದ ಗಾಯಾಳುವಿಗೂ ಅದೇ ಊಟ. ಆಕೆ ಬಲಹೀನರಿಗೆಂದೇ ಪ್ರತ್ಯೇಕವಾದ ಅಡಿಗೆಮನೆಗಳನ್ನು ತೆರೆದು ಗಂಜಿ, ಸಾರುಗಳನ್ನು ಕೊಡಿಸಿದಳು. ೧೮೫೫ರಲ್ಲಿ ಲಂಡನ್ನಿನ ಪ್ರಖ್ಯಾತ ಬಾಣಸಿಗನಾದ ಅಲೆಕ್ಸಿ ಸೋಯರ್ ತಾನಾಗಿಯೇ ಅಲ್ಲಿಗೆ ಹೋಗಿ ಸೈನಿಕರಿಗೆ ಅಡಿಗೆ ಕಲಿಸಿದನು. ಅವನು ರಚಿಸಿದ ಒಲೆಯನ್ನು ಬ್ರಿಟಿಷ್ ಸೈನ್ಯವು ಒಂದು ಶತಮಾನಕ್ಕೂ ಮಿಕ್ಕು ಬಳಸಿತು.

ಆದರೆ ಆಸ್ಪತ್ರೆಯ ಅಡಿಗೆಮನೆಯು ಎಷ್ಟು ಚೆನ್ನಾಗಿದ್ದರೂ ಅದರ ಆಳ್ವಿಕೆ ಆಸ್ಪತ್ರೆಯ ಬಾಗಿಲಿನವರೆಗೆ ಮಾತ್ರ. ದೀರ್ಘಕಾಲದ ರೋಗಗಳಾದರೋ ಮನೆಯವರೆಗೂ ಜೊತೆಯಲ್ಲಿಯೇ ಬರುವುವು. ಬಿಡುಗಡೆಯ ದಿನ ಕೈಗೆ ಒಂದು ಪಟ್ಟಿಯನ್ನು ಕೊಟ್ಟು ಕಳುಹಿಸಿದರೆ ಸಾಕೇ? ಪಟ್ಟಿಯಲ್ಲಿರುವುದನ್ನು ಕೊಳ್ಳಲು ಹಣವಿಲ್ಲದವರು, ಬೇಯಿಸಲು ಕೈಲಾಗದವರು ಏನು ಮಾಡಬೇಕು?

ಈ ಪ್ರಶ್ನೆಯನ್ನು ಅಮೆರಿಕದಲ್ಲಿ ಮೊದಲು ಎತ್ತಿಕೊಂಡವರು ವೈದ್ಯರಲ್ಲ. ೧೯೮೫ರಲ್ಲಿ, ಏಡ್ಸ್ ರೋಗಕ್ಕೆ ಮದ್ದಿಲ್ಲದಿದ್ದ ದಿನಗಳಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ನಗರದ ರೂತ್ ಬ್ರಿಂಕರ್ ಎಂಬ ನಿವೃತ್ತ ಮಹಿಳೆಯು ಅಡಿಗೆ ಮಾಡಿಕೊಳ್ಳಲಾರದೆ ಸೊರಗುತ್ತಿದ್ದ ಏಳು ಮಂದಿ ರೋಗಿಗಳಿಗೆ ತನ್ನ ಮನೆಯಿಂದಲೇ ಊಟವನ್ನು ಒಯ್ಯತೊಡಗಿದಳು. ಅದೇ ವರ್ಷ ನ್ಯೂಯಾರ್ಕಿನಲ್ಲಿಯೂ ಇಂತಹ ಕಾರ್ಯವೊಂದು ಹುಟ್ಟಿತು. ಮುಂದೆ ಇವು ಕ್ಯಾನ್ಸರ್, ಹೃದ್ರೋಗ, ಮೂತ್ರಪಿಂಡದ ರೋಗಗಳಿಗೂ ವಿಸ್ತರಿಸಿದುವು. ಆಸ್ಪತ್ರೆಗಳು ಈ ಹಾದಿಗೆ ಬಂದುದು ತಡವಾಗಿ. ೨೦೦೧ರಲ್ಲಿ ಬಾಸ್ಟನ್ ಮೆಡಿಕಲ್ ಸೆಂಟರ್ ಎಂಬ ಆಸ್ಪತ್ರೆಯು ತನ್ನೊಳಗೇ ಒಂದು ಆಹಾರದ ಉಗ್ರಾಣವನ್ನು ತೆರೆಯಿತು. ವೈದ್ಯರು ಮದ್ದಿನ ಚೀಟಿಯಂತೆಯೇ ಆಹಾರದ ಚೀಟಿಯನ್ನೂ ಬರೆದುಕೊಡುವರು. ೨೦೧೬ರಲ್ಲಿ ಪೆನ್ಸಿಲ್ವೇನಿಯಾದ ಶಮೋಕಿನ್ ಎಂಬ ಹಳೆಯ ಕಲ್ಲಿದ್ದಲ ಊರಿನಲ್ಲಿ ಗೈಸಿಂಗರ್ ಎಂಬ ಆಸ್ಪತ್ರೆಗಳ ಸಂಸ್ಥೆಯು ಸಕ್ಕರೆಕಾಯಿಲೆಯ ಬಡ ರೋಗಿಗಳಿಗೂ ಅವರ ಮನೆಮಂದಿಗೂ ವಾರಕ್ಕೆ ಹತ್ತು ಊಟಗಳಿಗಾಗುವಷ್ಟು ಸಾಮಗ್ರಿಯನ್ನು ಕೊಡತೊಡಗಿತು. ಮನೆಮಂದಿಗೂ ಕೊಟ್ಟುದು ಜಾಣತನ. ಮಗುವು ಹಸಿದು ಕುಳಿತಿರುವಾಗ ತನ್ನ ಪಥ್ಯದ ತಟ್ಟೆಯನ್ನು ತಾನೊಬ್ಬಳೇ ಉಣ್ಣುವ ತಾಯಿ ಎಲ್ಲಿದ್ದಾಳೆ?

ಇದರ ಫಲವೇನು? ಇಲ್ಲಿ ವಿದ್ಯಾರ್ಥಿಗಳು ಸ್ವಲ್ಪ ನಿಂತು ಯೋಚಿಸಬೇಕು. ೨೦೧೯ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ದಾಖಲೆಗಳನ್ನು ಪರಿಶೀಲಿಸಿದ ಸಂಶೋಧಕರು, ರೋಗಕ್ಕೆ ತಕ್ಕ ಊಟ ಮನೆಗೆ ಬರುತ್ತಿದ್ದವರು ಅಂತಹವೇ ರೋಗಗಳುಳ್ಳ ಇತರರಿಗಿಂತ ಅರ್ಧದಷ್ಟು ಮಾತ್ರವೇ ಆಸ್ಪತ್ರೆ ಸೇರಿದ್ದರೆಂದು ಕಂಡರು. ಎಲ್ಲರೂ ಹಿಗ್ಗಿದರು. ಆದರೆ ೨೦೨೩ರ ಕೊನೆಯಲ್ಲಿ ಇನ್ನೊಂದು ವರದಿ ಬಂದಿತು. ಅಮೆರಿಕದ ಪೂರ್ವ ಭಾಗದ ಒಂದು ದೊಡ್ಡ ಆರೋಗ್ಯಸಂಸ್ಥೆಯಲ್ಲಿ ಸಕ್ಕರೆಕಾಯಿಲೆಯ ೪೬೫ ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಕೂಡಲೇ ಆಹಾರ ಮತ್ತು ಉಪದೇಶಗಳನ್ನು ಕೊಟ್ಟು, ಇನ್ನೊಂದನ್ನು ಆರು ತಿಂಗಳು ಕಾಯಿಸಿದ್ದರು. ಕಳೆದ ಎರಡು ಮೂರು ತಿಂಗಳುಗಳ ಸಕ್ಕರೆಯ ಮಟ್ಟವನ್ನು ಸೂಚಿಸುವ ರಕ್ತಪರೀಕ್ಷೆಯ ಅಂಕವು ಆಹಾರ ಪಡೆದವರಲ್ಲಿ ೧.೫ರಷ್ಟು ಇಳಿದಿತ್ತು, ಪಡೆಯದವರಲ್ಲಿಯೂ ೧.೩ರಷ್ಟು ಇಳಿದಿತ್ತು! ವ್ಯತ್ಯಾಸವು ಗಣನೆಗೆ ಬಾರದಷ್ಟು.

ಇದು ಹೇಗಾಯಿತು? ನಮ್ಮ ಶಾಲೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ತ್ರೈಮಾಸಿಕ ಪರೀಕ್ಷೆಯಲ್ಲಿ ತೀರ ಕಡಮೆ ಅಂಕ ಪಡೆದ ಹತ್ತು ಮಂದಿಯನ್ನು ಆರಿಸಿ ಸಂಜೆಯ ಪಾಠ ಹೇಳಿದೆವೆಂದುಕೊಳ್ಳಿ. ಅರ್ಧವಾರ್ಷಿಕದಲ್ಲಿ ಅವರ ಅಂಕ ಏರಿದರೆ ನಾವು ಬೀಗುವೆವು. ಆದರೆ ಅವರಲ್ಲಿ ಕೆಲವರಿಗೆ ಅಂದು ಜ್ವರವಿದ್ದಿರಬಹುದು, ಕೆಲವರು ಪ್ರಶ್ನೆಯನ್ನು ತಪ್ಪಾಗಿ ಓದಿರಬಹುದು. ಪಾಠ ಹೇಳದಿದ್ದರೂ ಅವರು ಏರುತ್ತಿದ್ದರು. ಸಕ್ಕರೆಯು ಅತ್ಯಧಿಕವಾದ ಹೊತ್ತಿನಲ್ಲಿಯೇ ರೋಗಿಯನ್ನು ಆರಿಸಿಕೊಂಡರೆ ಅದು ಮಾಮೂಲು ಔಷಧೋಪಚಾರದಿಂದಲೂ ಒಂದಿಷ್ಟು ಇಳಿದೇ ಇಳಿಯುವುದು. ಕೇವಲ ಮೊದಲು ಮತ್ತು ಆಮೇಲೆ ನೋಡಿದರೆ ಸಾಲದು. ಪಕ್ಕದಲ್ಲಿ ಪಡೆಯದವರನ್ನೂ ನಿಲ್ಲಿಸಿ ನೋಡಬೇಕು. ಆಹಾರದಿಂದ ಪ್ರಯೋಜನವಿಲ್ಲವೆಂದು ಇದರ ಅರ್ಥವಲ್ಲ. ಹಸಿದವನಿಗೆ ಅನ್ನ ಕೊಡಲು ರಕ್ತಪರೀಕ್ಷೆಯ ಅನುಮತಿ ಬೇಕಿಲ್ಲ. ಆದರೆ ಅನ್ನವು ಯಾವ ರೋಗಕ್ಕೆ ಎಷ್ಟು ಮದ್ದು ಎಂಬುದನ್ನು ರೋಗರೋಗಕ್ಕೂ ಬೇರೆಬೇರೆಯಾಗಿ ಪರೀಕ್ಷಿಸಿಯೇ ಹೇಳಬೇಕಾಗುವುದು.

ಹಾಗೆ ಪರೀಕ್ಷಿಸಿ ಹೇಳಿದ ಶ್ರೇಷ್ಠ ನಿದರ್ಶನವೊಂದು ನಮ್ಮ ದೇಶದಲ್ಲಿಯೇ ಇದೆ. ಅದು ಕ್ಷಯರೋಗಕ್ಕೆ ಸಂಬಂಧಿಸಿದ್ದು. ಹಿಂದೆ ಕ್ಷಯಕ್ಕೆ ಆರೋಗ್ಯಧಾಮಗಳ ಗಾಳಿ, ವಿಶ್ರಾಂತಿ, ಹಾಲು, ಮೊಟ್ಟೆಗಳೇ ಚಿಕಿತ್ಸೆಯಾಗಿದ್ದುವು. ಮದ್ರಾಸಿನಲ್ಲಿ ೧೯೫೬ರಲ್ಲಿ ಆರಂಭವಾದ ಕ್ಷಯ ಚಿಕಿತ್ಸಾಕೇಂದ್ರದವರು ೧೯೩ ಮಂದಿ ಬಡ ರೋಗಿಗಳನ್ನು ಎರಡು ಪಾಲು ಮಾಡಿ, ಕೆಲವರನ್ನು ಆರೋಗ್ಯಧಾಮದಲ್ಲಿರಿಸಿ, ಕೆಲವರನ್ನು ತಮ್ಮ ತಮ್ಮ ಇಕ್ಕಟ್ಟಾದ ಮನೆಗಳಲ್ಲಿಯೇ ಬಿಟ್ಟು, ಇಬ್ಬರಿಗೂ ಅವೇ ಔಷಧಿಗಳನ್ನು ಒಂದು ವರ್ಷ ಕೊಟ್ಟರು. ೧೯೫೯ರಲ್ಲಿ ಪ್ರಕಟವಾದ ಫಲಿತಾಂಶವು ಲೋಕವನ್ನೇ ಚಕಿತಗೊಳಿಸಿತು: ಆರೋಗ್ಯಧಾಮದ ಪುಷ್ಟಿಯಾದ ಊಟವಿಲ್ಲದಿದ್ದರೂ ಮನೆಯಲ್ಲಿದ್ದವರು ಬಹುಮಟ್ಟಿಗೆ ಅಷ್ಟೇ ಚೆನ್ನಾಗಿ ಗುಣ ಹೊಂದಿದ್ದರು. ಇದರಿಂದ ಲಕ್ಷಾಂತರ ಬಡವರಿಗೆ ಉಪಕಾರವಾಯಿತು. ಹಾಸಿಗೆ ಸಿಕ್ಕುವವರೆಗೆ ಕಾಯುವ ದುರವಸ್ಥೆ ತಪ್ಪಿತು. ಆದರೆ ಅದರ ಜೊತೆಗೆ, ಔಷಧಿಯಿದ್ದರೆ ಊಟದ ಚಿಂತೆ ಬೇಡವೆಂಬ ಭಾವನೆಯೂ ಮೆಲ್ಲಗೆ ಬೇರೂರಿತು. ಮದ್ರಾಸಿನವರು ಕೇಳಿದ ಪ್ರಶ್ನೆ ಒಂದು, ಜನರು ತೆಗೆದುಕೊಂಡ ಉತ್ತರ ಇನ್ನೊಂದು ಎಂದು ನಮಗೆ ತೋರುತ್ತದೆ.

ಅರುವತ್ತು ವರ್ಷಗಳ ತರುವಾಯ ಆ ಬೇರನ್ನು ಅಲುಗಿಸಿದವರು ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ದಂಪತಿಗಳು ಮತ್ತು ಅವರ ಸಂಗಡಿಗರು. ೨೦೧೯ರಿಂದ ೨೦೨೨ರವರೆಗೆ ಜಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ ೨,೮೦೦ ಮಂದಿ ಕ್ಷಯರೋಗಿಗಳನ್ನೂ ಅವರ ಮನೆಗಳ ೧೦,೩೪೫ ಜನರನ್ನೂ ಅವರು ಪರೀಕ್ಷೆಗೆ ತೆಗೆದುಕೊಂಡರು. ರೋಗಿಗಳಲ್ಲಿ ಐವರಿಗೆ ನಾಲ್ವರು ಇರಬೇಕಾದುದಕ್ಕಿಂತ ಕಡಮೆ ತೂಕದವರು. ಔಷಧಿಯೊಡನೆ ಎಲ್ಲ ರೋಗಿಗಳಿಗೂ ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ, ಜೀವಸತ್ವದ ಗುಳಿಗೆಗಳನ್ನು ತಿಂಗಳು ತಿಂಗಳು ಕೊಟ್ಟರು. ಅದು ದಿನಕ್ಕೆ ೧,೨೦೦ ಕ್ಯಾಲೊರಿ, ೫೨ ಗ್ರಾಂ ಪ್ರೋಟೀನಿನ ಲೆಕ್ಕ. ಅರ್ಧ ಪಾಲು ಮನೆಗಳಲ್ಲಿ ಮನೆಯ ಉಳಿದವರಿಗೂ ಅಕ್ಕಿಬೇಳೆಗಳನ್ನು ಕೊಟ್ಟರು. ೨೦೨೩ರಲ್ಲಿ ಹೊರಬಂದ ಫಲಿತಾಂಶವಿದು: ಆಹಾರ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ನೂರಕ್ಕೆ ೩೯ರಷ್ಟು ಕಡಮೆಯಾಗಿತ್ತು. ಸುಮಾರು ೩೦ ಮನೆಗಳಿಗೆ ಅಕ್ಕಿಬೇಳೆ ಕೊಟ್ಟರೆ ಒಬ್ಬರಿಗೆ ರೋಗ ತಪ್ಪುವುದು. ರೋಗಿಗಳಲ್ಲಿಯೂ ಮೊದಲ ಎರಡು ತಿಂಗಳಲ್ಲಿ ತೂಕ ನೂರಕ್ಕೆ ಐದರಷ್ಟು ಏರಿದವರಲ್ಲಿ ಸಾವಿನ ಸಂಭವವು ನೂರಕ್ಕೆ ೬೧ರಷ್ಟು ಕಡಮೆಯಿದ್ದಿತು.

ಇದು ಬೇಯಿಸಿದ ಊಟವಲ್ಲ, ಕಾಳುಕಡಿ ಮಾತ್ರ. ಕೊಟ್ಟದ್ದು ಆಸ್ಪತ್ರೆಯ ಅಡಿಗೆಮನೆಯೂ ಅಲ್ಲ. ಆದರೂ ರೋಗಕ್ಕೆ ತಕ್ಕಂತೆ ಅಳೆದು ಕೊಟ್ಟ ಆಹಾರವೆಂಬ ಕಾರಣದಿಂದ ಅದನ್ನು ಇಲ್ಲಿ ಸೇರಿಸಿದ್ದೇವೆ. ಕೇಂದ್ರ ಸರಕಾರವು ೨೦೧೮ರಿಂದ ನಿಕ್ಷಯ್ ಪೋಷಣ್ ಯೋಜನೆಯ ಮೂಲಕ ಪ್ರತಿಯೊಬ್ಬ ಕ್ಷಯರೋಗಿಗೆ ಚಿಕಿತ್ಸೆಯ ಕಾಲದಲ್ಲಿ ತಿಂಗಳಿಗೆ ೫೦೦ ರೂಪಾಯಿಗಳನ್ನು ಕೊಡುತ್ತ ಬಂದು, ೨೦೨೪ರ ನವೆಂಬರಿನಿಂದ ಅದನ್ನು ೧,೦೦೦ ರೂಪಾಯಿಗೆ ಏರಿಸಿತು. ನಮ್ಮ ವಠಾರಗಳಲ್ಲಿ ಈ ಹಣ ತಮಗೆ ಸಲ್ಲುವುದೆಂದು ತಿಳಿಯದವರು ಇದ್ದರೆ ವಿದ್ಯಾರ್ಥಿಗಳು ತಿಳಿಸಬೇಕು.

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ನಮ್ಮ ಗಾದೆಯನ್ನು ಈಗ ನಾವು ಮೊದಲಿನಷ್ಟು ಸುಲಭವಾಗಿ ಉಚ್ಚರಿಸಲಾರೆವು. ಊಟ ಬಲ್ಲವರಿಗೂ ರೋಗ ಬರುವುದು. ಬಂದ ಮೇಲೆ ಬಲ್ಲ ಊಟವನ್ನೇ ಮರೆತು ಹೊಸದನ್ನು ಕಲಿಯಬೇಕಾಗುವುದು. ಮಾಮಾ ಅವರ ಮನೆಯಲ್ಲಿ ಆದುದು ಹೀಗೆಯೇ. ಬಿಡುಗಡೆಯ ದಿನ ಕೊಟ್ಟ ಪಥ್ಯದ ಪಟ್ಟಿಯು ಅಚ್ಚುಕಟ್ಟಾಗಿ ಮರಾಠಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಇದ್ದಿತು. ಅವರ ಪತ್ನಿಗೆ ಮಾತನಾಡುವಷ್ಟು ಮರಾಠಿ ಬರುವುದಾದರೂ ಓದಲು ಬರುವುದು ಕನ್ನಡವೊಂದೇ. ಅದೇ ಆರು ಮಂದಿ ವಿದ್ಯಾರ್ಥಿಗಳು ಕುಳಿತು ಅದನ್ನು ಕನ್ನಡಕ್ಕೆ ತಿರುಗಿಸಿದರು. ಮೊದಲ ಪ್ರತಿಯನ್ನು ಓದಿ ನಮಗೇ ನಗೆ ಬಂದಿತು. ‘ಪೊಟಾಸಿಯಂಯುಕ್ತ ಶಾಕಗಳನ್ನು ವರ್ಜಿಸತಕ್ಕದ್ದು’ ಎಂದಿದ್ದಿತು. ಹೀಗೆ ಬರೆಯಲು ಅವರು ನಮ್ಮಿಂದಲೇ ಕಲಿತಿರಬೇಕು. ಹರಿದುಹಾಕಿ, ಆ ತಾಯಿಯನ್ನೇ ಕೂರಿಸಿಕೊಂಡು, ಮನೆಯಲ್ಲಿ ವಾರವಿಡೀ ಏನೇನು ಅಡಿಗೆಯಾಗುವುದೆಂದು ಒಂದೊಂದಾಗಿ ಕೇಳಿ ಬರೆದುಕೊಂಡರು.

ಆಗ ತೊಡಕು ಎದ್ದಿತು. ಆಸ್ಪತ್ರೆಯ ಪಟ್ಟಿಯಲ್ಲಿ ಅನ್ನ ಮತ್ತು ಗೋದಿಯ ಚಪಾತಿಗಳಿದ್ದುವು, ಜೋಳದ ರೊಟ್ಟಿಯಿರಲಿಲ್ಲ. “ರೊಟ್ಟಿ ಬಿಟ್ಟರ ನಮ್ಮ ಮನ್ಯಾಗ ಊಟ ಅಂಬೋದ ಏನ್ ಉಳೀತೈತ್ರಿ ಸರ?” ಎಂದು ಆಕೆ ಕೇಳಿದರು. ಶೇಂಗಾ ಹಿಂಡಿ, ಪುಂಡಿಪಲ್ಯ, ಗಟ್ಟಿ ಬೇಳೆ ಯಾವುದೂ ಪಟ್ಟಿಯಲ್ಲಿಲ್ಲ. ಬೇಡವೆಂದೂ ಇಲ್ಲ, ಬೇಕೆಂದೂ ಇಲ್ಲ. ಪಟ್ಟಿ ಮಾಡಿದವರಿಗೆ ಅಂತಹ ಅಡಿಗೆಯಿದೆಯೆಂಬುದು ತಿಳಿದಿರಲಿಲ್ಲ. ಅವರ ತಪ್ಪೆಂದು ನಾವು ಹೇಳಲಾರೆವು. ಇನ್ನೂ ಒಂದು ಅಪಾಯ ಬಯಲಾಯಿತು. ಉಪ್ಪು ಕಡಮೆ ಮಾಡಿರೆಂದುದನ್ನು ಕೇಳಿ ನೆರೆಯವರೊಬ್ಬರು ‘ಸೋಡಿಯಂ ಕಡಮೆಯ ಉಪ್ಪು’ ಎಂಬ ಪೊಟ್ಟಣವನ್ನು ತಂದುಕೊಟ್ಟಿದ್ದರು. ಅಂತಹ ಉಪ್ಪುಗಳಲ್ಲಿ ಸೋಡಿಯಮಿನ ಬದಲು ತುಂಬಿರುವುದು ಪೊಟಾಸಿಯಮ್ಮೇ. ರಕ್ತದೊತ್ತಡವಷ್ಟೇ ಇರುವ ಅನೇಕರಿಗೆ ಅದು ಒಳ್ಳೆಯದಿರಬಹುದು. ಇವರಿಗೆ ಎಳನೀರಿನ ತಮ್ಮನೇ ಸರಿ. ಪೊಟ್ಟಣವನ್ನು ತೆಗೆಯಿಸಿದೆವು.

ವಿದ್ಯಾರ್ಥಿಗಳು ತಾಯಿಯೊಡನೆ ಮತ್ತೆ ಆಹಾರತಜ್ಞೆಯವರ ಬಳಿಗೆ ಹೋದರು. ಅವರು ಬೇಸರಪಡದೆ ಆ ದಪ್ಪ ಪುಸ್ತಕವನ್ನು ತೆರೆದು, ಕಾಗದದ ಮೇಲೆ ಕೂಡಿ ಕಳೆದು, ಮಧ್ಯಾಹ್ನಕ್ಕೆ ಜೋಳದ ಒಂದು ತೆಳುರೊಟ್ಟಿಗೆ ಎಡೆ ಮಾಡಿದರು. ಅದರ ಬದಲಿಗೆ ಬೇಳೆಯಲ್ಲಿ ಇಷ್ಟು ಕಡಿತ. ಪುಂಡಿಪಲ್ಯ, ಶೇಂಗಾ ಹಿಂಡಿ ಬೇಡವೆಂದರು. ಸೋರೆ, ಹೀರೆ, ಸೌತೆಗಳು ಆಗಬಹುದು, ಬೇಯಿಸಿದ ನೀರನ್ನು ಬಸಿಯಬೇಕು. ಉಪ್ಪು ಕಡಮೆಯಾದಲ್ಲಿ ಜೀರಿಗೆ, ಬೆಳ್ಳುಳ್ಳಿ, ಕರಿಬೇವುಗಳ ಒಗ್ಗರಣೆ. ನೀರು ಕುಡಿಯುವ ಅಳತೆಗೆ ಬೆಳಿಗ್ಗೆಯೇ ಒಂದು ಸೀಸೆಯಲ್ಲಿ ತುಂಬಿಟ್ಟು, ಚಹ, ಮಜ್ಜಿಗೆ, ಸಾರು ಏನು ಕುಡಿದರೂ ಅಷ್ಟನ್ನು ಸೀಸೆಯಿಂದ ಚೆಲ್ಲಿಬಿಡುವ ಉಪಾಯವನ್ನು ಹೇಳಿಕೊಟ್ಟರು. ದೀಪಾವಳಿಯ ಹೊತ್ತಿಗೆ ಡಯಾಲಿಸಿಸ್ ಆರಂಭವಾದುದರಿಂದ ಪಟ್ಟಿಯನ್ನು ಮತ್ತೊಮ್ಮೆ ಬದಲಿಸಬೇಕಾಯಿತು. ಮೊಟ್ಟೆಯ ಬಿಳಿಯ ಭಾಗವು ಸೇರಿತು. ಮಾಮಾ ಶಾಕಾಹಾರಿಗಳು. ಎರಡು ದಿನ ಮಾತನಾಡಲಿಲ್ಲವಂತೆ. ಈಗ ಅದರ ಬದಲಿಗೆ ಪನೀರಿನ ಲೆಕ್ಕ ನಡೆದಿದೆ; ಖರ್ಚು ಹೆಚ್ಚು. ಶಾಲೆಯ ಶಿಕ್ಷಕರು ತಿಂಗಳಿಗೊಮ್ಮೆ ಕೂಡಿಸಿ ಕೊಡುತ್ತಿದ್ದಾರೆ.

ವಾರಕ್ಕೆ ಎರಡು ದಿನ ರಕ್ತ ಸೋಸಿಸಿಕೊಂಡು, ಉಳಿದ ದಿನಗಳಲ್ಲಿ ಆದಷ್ಟು ಹೊತ್ತು ಅವರು ಶಾಲೆಗೆ ಬರುತ್ತಾರೆ. ಗಂಟೆಯನ್ನು ಹಿರಿಯ ವಿದ್ಯಾರ್ಥಿಗಳು ಸರದಿಯಂತೆ ಬಾರಿಸುತ್ತಾರೆ. ಹೊತ್ತನ್ನು ಮಾತ್ರ ಅವರೇ ಹೇಳಬೇಕು.

ವಿದ್ಯಾರ್ಥಿಗಳು ಬರೆದ ಪಟ್ಟಿಯ ಒಂದು ಪ್ರತಿಯನ್ನು ಶಾಲೆಯ ಗ್ರಂಥಾಲಯದಲ್ಲಿ ಬಾಗಿಲಿನ ಬಲಗಡೆಯ ಕಪಾಟಿನಲ್ಲಿಟ್ಟಿದ್ದೇವೆ. ಮನೆಯಲ್ಲಿ ಇಂತಹ ರೋಗಿಗಳಿರುವ ಪಾಲಕರು ಕೇಳಿ ಪಡೆದು ನಕಲು ಮಾಡಿಕೊಳ್ಳಬಹುದು. ಅಡಿಗೆಗಳ ಹೆಸರುಗಳು, 'ಹೀಗೆ ನೆನೆಯಿಡಿ, ಹೀಗೆ ಬಸಿಯಿರಿ' ಎಂಬ ಭಾಗ ಎಲ್ಲರಿಗೂ ಉಪಯೋಗಕ್ಕೆ ಬಂದೀತು. ಎಷ್ಟು ಎಂಬ ಅಂಕಿಗಳು ಮಾತ್ರ ಒಬ್ಬ ಮನುಷ್ಯನ ರಕ್ತವನ್ನು ನೋಡಿ ಬರೆದವು. ಅವನ್ನು ಖಾಲಿ ಬಿಟ್ಟಿದ್ದೇವೆ. ನಿಮ್ಮ ಆಸ್ಪತ್ರೆಯ ಆಹಾರತಜ್ಞರಿಂದ ತುಂಬಿಸಿಕೊಳ್ಳಿರಿ.